ಮಾವನಿಗೆ ತೋಡಿದಷ್ಟು ಆಳ

ಮಾರ್ಚ್ 10, 2002, ಭಾನುವಾರ

ಪಾದ್ರಿಯ ಹೆಂಡತಿ ಹೊಸ ವರ್ಷಕ್ಕೆ ಈ ಪುಸ್ತಕ ಕೊಟ್ಟು, "ಐಕಾಂಡೆ, ನಿನ್ನ ಬಾಯಿ ಊರು ಸುಡೋ ಬಾಯಿ. ಬಂದದ್ದನ್ನೆಲ್ಲ ಇದರಲ್ಲಿ ಬರಿ, ಮನೇಲಿ ನೆಮ್ಮದಿ ಇರುತ್ತೆ" ಎಂದಿದ್ದಳು. ಇಷ್ಟು ದಿನ ಇದು ಹಾಲಿನ ಪಾತ್ರೆಗೆ ಮುಚ್ಚಳವಾಗಿತ್ತು. ಇವತ್ತು ತೆಗೆದಿದ್ದೇನೆ. ಬರೆಯದಿದ್ದರೆ ಯಾರಿಗಾದರೂ ಎರಡು ಬಿಗಿದುಬಿಡುತ್ತೇನೆ, ಅಷ್ಟೇ.

ಪ್ರಾರ್ಥನೆ ಮುಗಿಸಿ ಹೆಂಗಸರೆಲ್ಲ ಯೂನಿಸಳ ಅಂಗಳದಲ್ಲಿ ಕೂತಿದ್ದೆವು. ಆಗಸ್ಟಿನಲ್ಲಿ ನನ್ನ ಮಗಳು ಅನೆತ್‌ಳ ಮದುವೆ. ಯಾರು ಬಾಳೆಗೊನೆ ತರಬೇಕು, ಯಾರು ಹೆಂಡಕ್ಕೆ ರಾಗಿ ಮೊಳಕೆ ಕಟ್ಟಬೇಕು ಎಂದು ಮಾತು ನಡೆದಿತ್ತು. ಹೆಂಗಸರ ಸಂಘದ ಯಜಮಾನಿ ಯೂನಿಸ್, "ಹುಡುಗಿಯ ಸೋರೆಬುರುಡೆಗೆ ಕಾಳು ಹಾಕೋದು ಯಾರು?" ಎಂದು ಕೇಳಿದಳು. ಅದೇನು ಕೇಳುವ ಮಾತೇ? ನಾನು, ತಾಯಿ. ನಮ್ಮ ತವರಿನ ಹೆಣ್ಣುಮಕ್ಕಳ ಪದ್ಧತಿ ಅದು. ಬೆಣ್ಣೆ ಬಣ್ಣದ ಮೇಲೆ ಕೆಂಪು ಗೆರೆ ಎಳೆದ ಆ ಬೀನ್ಸ್ ಕಾಳು ನನ್ನಮ್ಮನಿಗೆ ಅವಳಮ್ಮ ಕೊಟ್ಟದ್ದು, ನನಗೆ ನನ್ನಮ್ಮ ಕೊಟ್ಟದ್ದು. ಮಗಳು ಹೊಸಿಲು ದಾಟುವಾಗ ತಾಯಿ ತನ್ನ ಕೈಯಿಂದ ಬುರುಡೆ ತುಂಬಿಸಬೇಕು.

ನಾನು ಬಾಯಿ ತೆರೆಯುವ ಮೊದಲೇ ಬೆಂಚಿನ ಮೇಲಿಂದ ಮುದುಕಿಯ ದನಿ ಬಂತು. ಮುದುಕಿ ಎಂದರೆ ನನ್ನ ಅತ್ತೆ.

"ಅವಳ ಕೈಯಿಂದ ಬೇಡ. ಅವಳ ಕೈಗುಣ ಸರಿಯಿಲ್ಲ. ಎರಡು ಬೆಳೆ ಹಾಕಿದ್ಲು, ಎರಡೂ ಹಳದಿ ಹೊಡ್ಕೊಂಡು ಹೋಯ್ತು. ಅಂಥ ಕೈಯಿಂದ ಬೀಜ ಕೊಟ್ರೆ ಹುಡುಗಿ ಸಂಸಾರಾನೂ ಹಳದಿ ಹೊಡೆದೀತು."

ಯೂನಿಸ್ ತನ್ನ ಸೆರಗಿನ ಅಂಚು ನೋಡುತ್ತ ಕೂತಳು. "ನನ್ನ ಕೈಗೆ ಏನಾಗಿದೆ? ಆ ನೆಲ ಸರಿಯಿಲ್ಲ" ಎಂದೆ.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ" ಎಂದಳು ಮುದುಕಿ. ಎಲ್ಲರೂ ನಕ್ಕರು. ನಕ್ಕವರ ಮುಖಗಳನ್ನೆಲ್ಲ ನೆನಪಿಟ್ಟುಕೊಂಡಿದ್ದೇನೆ.

ಮೊದಲು ನಾನು ಕೆಳಗಿನ ಬಯಲ ಹೊಲದಲ್ಲಿ ಕಾಳು ಬೆಳೆಯುತ್ತಿದ್ದೆ. ಆಗ ನನ್ನ ಕೈಗುಣಕ್ಕೆ ಏನೂ ಆಗಿರಲಿಲ್ಲ. ಪಾಲಿನಲ್ಲಿ ಆ ಹೊಲ ಮೈದುನನಿಗೆ ಹೋಯಿತು. ಕಾಫಿಯ ಬೆಲೆ ನೆಲ ಕಚ್ಚಿ, ಕೊಯ್ದ ಕೂಲಿಯೂ ಹುಟ್ಟದಂತಾದಾಗ ನನ್ನ ಗಂಡ ಮನೆಯ ಕೆಳಗಿನ ತುಂಡಿನಲ್ಲಿದ್ದ ಮುದಿ ಕಾಫಿಗಿಡ ಕಿತ್ತು ಅದನ್ನು ನನಗೆ ಬಿಟ್ಟುಕೊಟ್ಟ. "ಕಾಫಿ ನೆಲ ಗಂಡಸರ ನೆಲ. ಅಲ್ಲಿ ಹೆಂಗಸಿನ ಕಾಳು ಏಳೋಲ್ಲ" ಎಂದು ಮುದುಕಿ ಅವತ್ತೇ ಶಕುನ ನುಡಿದಿತ್ತು. ಈಗ ನನ್ನ ಬಳಿ ಅಮ್ಮನ ಕಾಳು ಉಳಿದಿರುವುದು ಎರಡು ಬೊಗಸೆ. ಈ ಮಳೆಗೂ ಕೈಕೊಟ್ಟರೆ ಅದರ ವಂಶವೇ ಮುಗಿಯಿತು, ನನ್ನ ಮಗಳು ಕಂಡವರ ಕಾಳು ಹಿಡಿದು ಗಂಡನ ಮನೆಗೆ ಹೋಗಬೇಕು.

ಒಂದು ಮಾತು ಬರೆದಿಡುತ್ತೇನೆ. ಮುಂದೆ ಯಾವತ್ತಾದರೂ ಆ ಮುದುಕಿ ಇಸಾಲೆ ಎಲೆಗೆ ಗಂಟು ಹಾಕಿ ತಪ್ಪಾಯಿತು ಎಂದು ಬಂದರೆ, ನಾನು ಕ್ಷಮಿಸುವವಳಲ್ಲ. ಇಸಾಲೆ ತಂದವರಿಗೆ ಇಲ್ಲ ಅನ್ನಬಾರದು ಎಂದು ಈ ಬೆಟ್ಟದ ಮೇಲೆ ಹುಟ್ಟಿದ ಕೂಸಿಗೂ ಗೊತ್ತು. ಅನ್ನುತ್ತೇನೆ. ಎಲೆ ಕಸಿದು ಮೇಕೆಗೆ ಹಾಕುತ್ತೇನೆ.

ಮಾರ್ಚ್ 17

ಮಳೆ ಹಿಡಿಯಿತು. ಬಿತ್ತಿದೆ.

ಮುದುಕಿ ಕೋಲೂರಿಕೊಂಡು ಬಂದು ಬದುವಿನ ಮೇಲೆ ನಿಂತಿತು. ನಾನು ಸುಮ್ಮನಿರಬೇಕಿತ್ತು, ಆಗಲಿಲ್ಲ. "ಅಲ್ಲಿ ನಿಂತು ನೋಡೋದೇನು? ನಿಮ್ಮದು ಒಳ್ಳೇ ಕೈ ಅಲ್ವಾ? ಒಂದು ಸಾಲು ನೀವೇ ಹಾಕಿ. ನನ್ನ ಕಾಳು, ನಿಮ್ಮ ಕೈ. ಊರು ನೋಡಲಿ" ಎಂದೆ.

ಬರುತ್ತಾಳೆಂದು ನಾನೆಲ್ಲಿ ಎಣಿಸಿದ್ದೆ! ಕೋಲು ಬಿಸಾಡಿ ಕೈ ಚಾಚಿದಳು. ಕೊಡಲು ಹೊಟ್ಟೆ ಉರಿಯಿತು, ಆದರೆ ಬಾಯಿಂದ ಮಾತು ಜಾರಿಯಾಗಿತ್ತು. ಒಂದು ಹಿಡಿ ಕೊಟ್ಟೆ. ಮಾವನ ಗೋರಿಯಿಂದ ಶುರುಮಾಡಿದಳು. ಮಾವ ಐದು ವರ್ಷದ ಹಿಂದೆ ತೀರಿಕೊಂಡವರು; ಕಾಫಿ ಕಾಣುವ ಹಾಗೆ ಮಲಗಿಸಿ ಎಂದಿದ್ದರು, ಅದಕ್ಕೆ ಆ ತುಂಡಿನ ತಲೆಯಲ್ಲೇ ಗೋರಿ. ಮುದುಕಿ ಗೋರಿಯ ಸುತ್ತ ಹೂವು ಬೆಳೆಸಿದ್ದಾಳೆ, ದಿನಾ ಕೊಟ್ಟಿಗೆಯ ಸಗಣಿ, ಒಲೆಯ ಬೂದಿ ಅಲ್ಲಿಗೇ ಸುರಿಯುತ್ತಾಳೆ. ನನ್ನ ಸಾಲಿಗೆ ಒಂದು ಬುಟ್ಟಿ ಸಗಣಿ ಕೇಳಿದರೆ ಹಸು ಬತ್ತಿಹೋಗುತ್ತದೆ.

ಬಗ್ಗಿಕೊಂಡೇ ಕೆಳಗಿನ ಬದುವಿನವರೆಗೆ ಬಿತ್ತಿಕೊಂಡು ಹೋದಳು. ಅಷ್ಟು ವಯಸ್ಸಿಗೆ ಒಮ್ಮೆಯೂ ಸೊಂಟ ನೆಟ್ಟಗೆ ಮಾಡಲಿಲ್ಲ. ಹಟಮಾರಿ.

ಮಾರ್ಚ್ 31, ಈಸ್ಟರ್

ಎಲ್ಲ ಮೊಳೆತಿವೆ. ಅವಳ ಸಾಲು, ನನ್ನ ಸಾಲು, ಒಂದೇ ಎತ್ತರ. ಗಂಡ ಹೊಸ ಅಂಗಿ ತೊಟ್ಟು ಬಂದು ನೋಡಿ, "ಚೆನ್ನಾಗಿದೆ ಕಣೇ" ಎಂದ. ಹೋದ ಸಲವೂ ಈ ಹೊತ್ತಿಗೆ ಚೆನ್ನಾಗಿಯೇ ಇತ್ತು.

ಏಪ್ರಿಲ್ 21

ಹಳದಿ.

ಮತ್ತೆ ಅದೇ, ಅಡಿಯ ಎಲೆಯಿಂದ ಶುರುವಾಗಿ ಮೇಲಕ್ಕೆ. ಕಾಮಾಲೆ ಬಂದವರ ಕಣ್ಣಿನ ಬಣ್ಣ. ಗಿಡಗಳು ಮೊಣಕಾಲಿಗೂ ಬಂದಿಲ್ಲ. ಮುದುಕಿಯ ಸಾಲೂ ಹಾಗೇ ಇದೆ, ಆದರೆ ಗೋರಿಯ ಬದಿಯ ನಾಲ್ಕಾರು ಗಿಡ ಮಾತ್ರ ಕಪ್ಪು ಹಸಿರು, ಎಲೆ ಅಂಗೈಯಗಲ. ಅಷ್ಟು ಸಿಕ್ಕಿದ್ದೇ ಸಾಕು ಅವಳಿಗೆ.

"ನೋಡಿದ್ಯಾ? ನನ್ನ ಕೈಯಿಂದ ಬಿದ್ದದ್ದು ಎದ್ದಿದೆ."

"ನಿಮ್ಮ ಕೈಯಿಂದ ಬಿದ್ದದ್ದರಲ್ಲಿ ಮುಕ್ಕಾಲು ಪಾಲು ಹಳದಿಯಾಗಿದೆಯಲ್ಲ, ಅದು ಯಾರ ಕೈ?"

"ಅದು ನಿನ್ನ ಸಾಲಿನ ಗಾಳಿ ತಾಗಿ. ಮೇಲಿನದನ್ನ ನನ್ನ ಗಂಡ ಕಾಯ್ತಿದಾರೆ."

ಗಾಳಿ ತಾಗಿಯಂತೆ! ಒಂದು ಗಿಡ ಬುಡಸಮೇತ ಕಿತ್ತು ಯೂನಿಸಳ ಮನೆಗೆ ಹೋದೆ. ಅವಳ ಅಂಗಳದಲ್ಲಿ ಕೂತಿದ್ದ ಹೆಂಗಸರೆದುರು ಬೇರು ತೋರಿಸಿದೆ. "ನೋಡು, ಎಷ್ಟು ಚೊಕ್ಕಟವಾಗಿದೆ. ಒಂದು ಗುಳ್ಳೆ ಇಲ್ಲ, ಹುಳ ಇಲ್ಲ, ಈಗ ತಾನೆ ಎಣ್ಣೆ ನೀರು ಹಾಕಿದ ಕೂದಲ ಹಾಗಿದೆ. ನಿನ್ನ ಹಿತ್ತಲ ಗಿಡದ ಬೇರು ತುಂಬ ಗುಳ್ಳೆ. ನನ್ನ ಕೈ ಕೆಟ್ಟದ್ದಾಗಿದ್ದರೆ ಬೇರು ಹೀಗಿರುತ್ತಿತ್ತಾ?" ಯೂನಿಸ್ ತಲೆಯಾಡಿಸಿ, "ಬೇರೇನೋ ಚೆನ್ನಾಗಿದೆ, ಆದ್ರೆ ಬೇರು ಬೇಯಿಸಿ ತಿನ್ನೋಕಾಗಲ್ವಲ್ಲ ತಾಯಿ" ಎಂದಳು. ಬಾಯಿಬಡುಕಿ. ಅವಳ ಹಿತ್ತಲಲ್ಲಿ ಗುಳ್ಳೆ ಗುಳ್ಳೆ ಬೇರಿನ ಗಿಡಗಳು ಸೊಂಟದೆತ್ತರ ನಿಂತಿದ್ದವು. ಅದನ್ನು ಕಂಡು ಇನ್ನಷ್ಟು ರೇಗಿತು.

ಏಪ್ರಿಲ್ 24

ಗಂಡ ಮದ್ದು ಹೊಡೆದಿದ್ದಾನೆ. ನನ್ನ ಕಾಳಿನ ಗಿಡಕ್ಕೆ. ಕಾಫಿಗೆ ಹೊಡೆಯುವ ನೀಲಿ ಮದ್ದು.

ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಎಲೆ ಎಲೆಯೂ ನೀಲಿ. ಗೋರಿಗೆ ಮಾತ್ರ ಬಾಳೆಲೆ ಹೊದಿಸಿದ್ದಾನೆ, ಅಪ್ಪನ ಮೇಲೆ ಬೀಳಬಾರದಂತೆ. ಅಪ್ಪನ ಮೇಲೆ ಬೀಳಬಾರದ್ದು ನನ್ನ ಗಿಡದ ಮೇಲೆ ಬೀಳಬಹುದು!

"ಹಳದಿ ಅಂದ್ರೆ ಕಾಯಿಲೆ ತಾನೆ? ಕಾಫಿ ಎಲೆಗೆ ಕಾಯಿಲೆ ಬಂದ್ರೆ ಏನ್ ಮಾಡ್ತೀವಿ? ನಿನಗೇ ಒಳ್ಳೇದಾಗಲಿ ಅಂತ ಮಾಡ್ದೆ."

"ಕೇಳಿದೆಯಾ ನನ್ನ? ಒಂದು ಮಾತು ಕೇಳಿದೆಯಾ?"

ಇವನಿಗೆ ಗಾಡ್‌ಲಿಸನ್ ಎಂದು ಹೆಸರಿಟ್ಟಿದ್ದಾರೆ, ದೇವರೇ ಆಲಿಸು ಎಂದು. ದೇವರು ಆಲಿಸುತ್ತಾನೋ ಇಲ್ಲವೋ, ಇವನಂತೂ ಆಲಿಸುವುದಿಲ್ಲ.

ಏಪ್ರಿಲ್ 29

ಮಾತಿಲ್ಲ. ಊಟ ಕುಕ್ಕುತ್ತೇನೆ, ತಿನ್ನುತ್ತಾನೆ.

ಎಲೆಗಳು ಈಗ ಹಳದಿಯೂ ಹೌದು, ಅಂಚು ಸುಟ್ಟದ್ದೂ ಹೌದು.

ಮೇ 5

ತವರೂರಿಗೆ, ಬೆಟ್ಟದ ಕೆಳಗಿನ ಸನ್ಯಾಕ್ಕೆ ಹೋಗಿದ್ದೆ. ಅಣ್ಣನ ಮನೆಯಲ್ಲಿ ಅಮ್ಮನ ಕಾಳು ಒಂದು ಹಿಡಿಯಾದರೂ ಉಳಿದಿರಬಹುದು ಎಂದು ಆಸೆ. ಇಲ್ಲ. ಸಂತೆಯಲ್ಲಿ ಬೆಲೆ ಬರುವ ಹೊಸ ತಳಿ ಹಾಕಿದ್ದಾರೆ. ನಾನು ಅಲ್ಲೇ ಅಂಗಳದಲ್ಲಿ ಕೂತು ಅತ್ತುಬಿಟ್ಟೆ. ಅಳು ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು. ಸಿಟ್ಟಿಗೆ ಅತ್ತಿಗೆ ಪ್ರಿಸ್ಕಾಳ ಹೊಲಕ್ಕೆ ನುಗ್ಗಿ ಒಂದು ಗಿಡ ಕಿತ್ತೆ. ಬೇರಿನ ತುಂಬ ಗುಳ್ಳೆ.

"ನಿನ್ನ ಹೊಸ ತಳಿಯ ಯೋಗ್ಯತೆ ನೋಡು. ಬೇರಿಗೆ ಸಿಡುಬು ಬಂದಿದೆ" ಎಂದೆ.

ಪ್ರಿಸ್ಕಾ ಮೊದಲು ನಾನು ತಮಾಷೆ ಮಾಡುತ್ತಿದ್ದೇನೆಂದು ತಿಳಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಸಿಡುಬಾ? ಅಯ್ಯೋ ಮಹರಾಯ್ತಿ, ಅದು ಗಿಡದ ಮೊಲೆ ಕಣೇ. ಅದರಿಂದಲೇ ಅದು ಹಾಲು ಕುಡಿಯೋದು. ಚಿವುಟಿ ನೋಡು."

ಚಿವುಟಿದೆ. ಒಳಗೆ ಎಳೆಗೆಂಪು, ಹಸುಗೂಸಿನ ಅಂಗಾಲಿನ ಹಾಗೆ.

"ಗುಳ್ಳೆ ಇಲ್ಲದ ಗಿಡ ಬಂದ್ರೆ ನಾವು ಮೇಕೆಗೆ ಹಾಕ್ತೀವಿ. ನಿಮ್ಮ ಬೆಟ್ಟದ ಮೇಲೆ ಏನು, ಚೊಕ್ಕಟ ಬೇರು ಮೆರವಣಿಗೆ ಮಾಡ್ತೀರಾ?"

ಮಾಡಿದ್ದೆ. ಯೂನಿಸಳ ಅಂಗಳದಲ್ಲಿ, ಎಲ್ಲರೆದುರು. ಬಸ್ಸಿನಲ್ಲಿ ಬರುವಾಗ ಅದನ್ನೇ ನೆನೆದು ಕಿವಿ ಬಿಸಿಯಾಗುತ್ತಿತ್ತು.

ಮನೆಗೆ ಬಂದು ಅನೆತ್‌ಳಿಗೆ ಹೇಳಿದರೆ, ಅವಳು ತಲೆ ಬಾಚಿಕೊಳ್ಳುತ್ತಲೇ, "ಹೌದಮ್ಮ, ಏಳನೇ ಕ್ಲಾಸಲ್ಲಿ ಪಾಠ ಇತ್ತು. ಆ ಗುಳ್ಳೇಲಿ ಕಣ್ಣಿಗೆ ಕಾಣದ ಜೀವಾಣು ಇರುತ್ತೆ. ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತೆ" ಎಂದಳು.

"ಗೊತ್ತಿದ್ದೂ ಎರಡು ವರ್ಷ ಬಾಯಿ ಮುಚ್ಕೊಂಡಿದ್ಯಾ?"

"ಪರೀಕ್ಷೆಗೆ ಅಂತ ಓದಿದ್ದಮ್ಮ. ನಮ್ಮ ಹಿತ್ತಲಿಗೂ ಅದಕ್ಕೂ ಸಂಬಂಧ ಇದೆ ಅಂತ ಯಾರು ಹೇಳಿದ್ರು?"

ಬಾಚಣಿಗೆ ಕಸಿದು ಎಸೆದೆ.

ಮೇ 7

ಮೇಲಿನ ತುದಿಯ, ಗೋರಿ ಬದಿಯ ಒಂದು ಗಿಡ ಕಿತ್ತೆ. ಗುಳ್ಳೆ ಗುಳ್ಳೆ, ಚಿವುಟಿದರೆ ಕೆಂಪು. ಅದೇ ಸಾಲಿನಲ್ಲಿ ಹತ್ತು ಹೆಜ್ಜೆ ಕೆಳಗಿನದನ್ನು ಕಿತ್ತೆ. ಬೋಳು. ಒಂದೇ ಕಾಳು, ಒಂದೇ ದಿನ, ಒಂದೇ ಮುದುಕಿಯ ಒಂದೇ ಕೈ.

ಹಾಗಾದರೆ ಏನು ಬೇರೆ? ಬದುವಿನ ಮೇಲೆ ಕೂತು ನೋಡಿದೆ. ಗೋರಿಯ ಸುತ್ತಲ ಮಣ್ಣು ಕೆಂಪು. ಉಳಿದದ್ದು ಕಪ್ಪು. ಗೋರಿ ತೋಡುವಾಗ ಅಡಿಯ ಕೆಂಪು ಮಣ್ಣೆಲ್ಲ ಮೇಲೆ ಬಂತು, ಮೇಲಿನ ಕಪ್ಪು ಮಣ್ಣು ಗುಂಡಿಗೆ ಹೋಯಿತು. ಆಮೇಲೆ ಅಲ್ಲಿಗೆ ಬಿದ್ದದ್ದು ಸಗಣಿ, ಬೂದಿ. ಮದ್ದು ಬಿದ್ದಿಲ್ಲ. ಮಗ ಬಾಳೆಲೆ ಮುಚ್ಚಿ ಮುಚ್ಚಿ ಕಾಪಾಡಿದ್ದಾನೆ.

ಉಳಿದ ನೆಲಕ್ಕೆ? ನಾನು ಈ ಮನೆಗೆ ಬಂದಾಗ ಮಾವನ ಹಿಮ್ಮಡಿ ನೀಲಿಯಾಗಿತ್ತು. ಟೊಪ್ಪಿ ನೀಲಿ, ಉಗುರು ನೀಲಿ. "ನೀಲಿ ಬಳಿಯದ ಕಾಫಿಗಿಡ ಬೆತ್ತಲೆ ಹೆಂಗಸಿನ ಹಾಗೆ" ಅನ್ನುತ್ತಿದ್ದರು. ಬೇರೆಯವರು ಮಳೆಗೆ ಎರಡು ಸಲ ಹೊಡೆದರೆ ಇವರು ನಾಲ್ಕು ಸಲ. ಸಹಕಾರ ಸಂಘದವರು ಬಹುಮಾನ ಕೊಟ್ಟಿದ್ದರು. ಮೂವತ್ತು ವರ್ಷ ಹೊಡೆದ ಮದ್ದು ಎಲ್ಲಿಗೆ ಹೋಯಿತು? ಎಲೆಯಿಂದ ತೊಳೆದು ನೆಲಕ್ಕೆ. ತಾಮ್ರದ ಉಪ್ಪು ಅದು. ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ನೆಲದ ಮೇಲ್ಪದರದಲ್ಲೇ ಕೂತಿರುತ್ತದೆ ಎಂದು ಅನೆತ್ ಹೇಳುತ್ತಾಳೆ. ಅವಳೇನು ಹೇಳುವುದು, ಮದ್ದು ಕಲಸುವ ಡ್ರಮ್ಮು ಇಡುತ್ತಿದ್ದ ಜಾಗದಲ್ಲಿ ಇವತ್ತಿಗೂ ಒಂದು ಹುಲ್ಲುಕಡ್ಡಿ ಹುಟ್ಟಿಲ್ಲ, ನಾನೇ ದಿನಾ ದಾಟಿ ಓಡಾಡುತ್ತೇನೆ. ಎಲೆಯ ಮೇಲಿನ ಬೂಷ್ಟು ಕೊಲ್ಲುವ ಮದ್ದು ಮಣ್ಣಿನೊಳಗಿನ ಜೀವವನ್ನು ಬಿಟ್ಟೀತೇ?

ನನ್ನ ಕೈಯಲ್ಲ. ನನ್ನ ಕೈಯಲ್ಲ!

ನಾಳೆ ಹೇಳುತ್ತೇನೆ. ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತೇನೆ.

ಮೇ 8

ಹೇಳಿದೆ.

ಎರಡು ಬೇರನ್ನೂ ಮುದುಕಿಯ ಮಡಿಲಿಗೆ ಹಾಕಿದೆ. ಗಂಡನೂ ಇದ್ದ. ಮೊದಲಿಂದ ಕೊನೆಯವರೆಗೆ ಹೇಳಿ, "ನನ್ನ ಕೈ ಅಲ್ಲ, ನಿಮ್ಮ ಗಂಡನ ಮದ್ದು" ಎಂದು ಮುಗಿಸಿದೆ.

ಮುದುಕಿ ಬೇರು ನೋಡಲಿಲ್ಲ, ನನ್ನನ್ನೇ ನೋಡಿದಳು.

"ಈ ಮನೆಗೆ ತಗಡು ಹೊದಿಸಿದ್ದು ಆ ಮದ್ದು. ಇವನನ್ನ ಸ್ಕೂಲಿಗೆ ಕಳಿಸಿದ್ದು ಆ ಮದ್ದು. ನಿನ್ನನ್ನ ಈ ಮನೆಗೆ ತರೋಕೆ ನಿಮ್ಮಪ್ಪನಿಗೆ ಹಸು ಕೊಟ್ವಲ್ಲ, ಅದೂ ಆ ಮದ್ದಿಂದ್ಲೇ. ಸತ್ತೋರ ಮೇಲೆ ಮಣ್ಣು ಹಾಕಿದ್ದಾಯ್ತು, ಈಗ ಹೊಲಸು ಹಾಕ್ತೀಯಾ?"

"ಸತ್ತವರಿಗೆ ಹೊಲಸು ತಾಗಬಾರದು, ಬದುಕಿರೋಳ ಮೇಲೆ ಊರೆಲ್ಲ ಉಗಿಯಬಹುದಾ?"

"ಅಪ್ಪನ ವಿಷಯ ಎತ್ತಬೇಡ" ಎಂದ ಗಂಡ. ಎರಡು ವಾರದಲ್ಲಿ ಅವನು ನನ್ನ ಜೊತೆ ಆಡಿದ ಮೊದಲ ಮಾತು ಇದು.

ಮುದುಕಿ ಬೇರುಗಳನ್ನು ಒಲೆಗೆ ಹಾಕಿ ಎದ್ದುಹೋದಳು. ಗೆದ್ದೆ ಅಂದುಕೊಂಡಿದ್ದೆ. ಗೆದ್ದ ಹಾಗೆ ಏನೂ ಅನ್ನಿಸಲಿಲ್ಲ. ಅದಕ್ಕೂ ಸಿಟ್ಟು.

ಮೇ 19

ಮುದುಕಿ ನನ್ನ ಕೈಯಡುಗೆ ಬಿಟ್ಟಿದ್ದಾಳೆ. ತನ್ನ ಗುಡಿಸಿಲಲ್ಲಿ ಮೂರು ಕಲ್ಲು ಹೂಡಿ ಬಾಳೆಕಾಯಿ ಸುಟ್ಟುಕೊಂಡು ತಿನ್ನುತ್ತಾಳೆ. ಊರವರು ಏನೆಂದಾರು? ಸೊಸೆ ಅನ್ನ ಹಾಕಲಿಲ್ಲ ಎನ್ನುತ್ತಾರೆ. ಅದಕ್ಕೇ ಬಾಳೆಕಾಯಿ, ಮಾಂಸ ಹಾಕಿ ಗಂಜಿ ಕಾಯಿಸಿ, ಅನೆತ್ ಮಾಡಿದ್ದು ಎಂದು ಹೇಳಿಸಿ ಕಳಿಸಿದೆ. ಬೋಗುಣಿ ಖಾಲಿ ಬಂತು.

"ಉಪ್ಪು ಜಾಸ್ತಿ, ನಿಮ್ಮಮ್ಮನ ಕೈ" ಎಂದಳಂತೆ. ತಿಂದೂ ಕೊಂಕು.

ಮೇ 27

ಬೆಳಿಗ್ಗೆ ಅತ್ತೆ ತುಂಡಿನಲ್ಲಿ ಕೋಲಿನಿಂದ ನೆಲ ಕೆದಕುತ್ತಿದ್ದಳು. ಒಂದು ಕಡೆ ಕೆದಕುವುದು, ಬಗ್ಗಿ ನೋಡುವುದು, ಮುಂದಕ್ಕೆ ಹೋಗುವುದು. ಏನು ಕಳೆದುಕೊಂಡಿದ್ದಾಳೋ ಎಂದು ನೋಡುತ್ತ ನಿಂತೆ. ಕೆಳಗಿನ ಬದುವಿನಿಂದ ಗೋರಿಯವರೆಗೆ ಕೆದಕಿಕೊಂಡು ಬಂದಳು. ಗೋರಿಯ ಹತ್ತಿರ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಬಿದ್ದಳೇನೋ ಎಂದು ಓಡಿದೆ.

ಅಂಗೈಯಲ್ಲಿ ಒಂದು ಎರೆಹುಳ ಹಿಡಿದುಕೊಂಡಿದ್ದಳು.

"ಅಲ್ಲಿ ಒಂದೂ ಇಲ್ಲ" ಎಂದಳು. ನನಗೆ ಹೇಳಿದ್ದೋ, ಹುಳಕ್ಕೆ ಹೇಳಿದ್ದೋ. ಆಮೇಲೆ, "ನಾನು ಮದುವೆಯಾಗಿ ಬಂದಾಗ ಗುದ್ದಲಿ ಹಾಕಿದರೆ ಹುಳ ತುಂಡಾಗ್ತಿತ್ತು. ಹುಳ ಇದೆ ಅಂತ ನಾನು ಕಾಲಿಡೋಕೆ ಹೆದರ್ತಿದ್ದೆ" ಎಂದಳು.

ನೋಡಿದಿರಾ ಎಂದು ಹೇಳಬಹುದಿತ್ತು, ನಾಲಿಗೆ ತುದಿಗೆ ಬಂದಿತ್ತು. ಕೈ ಹಿಡಿದು ಎಬ್ಬಿಸಿದೆ. ಕೈ ಒಣಗಿದ ಕಡ್ಡಿಯ ಹಾಗಿದೆ. ಈ ಕೈಗುಣದ ಬಗ್ಗೆ ಎಷ್ಟು ಜಂಬ!

ಜೂನ್ 9

ಪಾದ್ರಿಯ ಹೆಂಡತಿ ಕೇಳಿದಳು, "ಬರೀತಿದ್ಯಾ? ಕೋಪ ಇಳಿಯಿತಾ?" ಇಲ್ಲ ಎಂದೆ. ಇಳಿದಿಲ್ಲ. ಆದರೆ ಈಗೀಗ ಯಾರ ಮೇಲೆ ಎಂದೇ ಗೊತ್ತಾಗುವುದಿಲ್ಲ. ಮಾವನ ಮೇಲೆ ಎನ್ನೋಣವೆಂದರೆ, ಪಾಪ, ಅವರಿಗೆ ಯಾರು ಹೇಳಿದ್ದರು? ಮದ್ದು ಮಾರಲು ಬಂದವರು ಎಲೆಯ ಬಗ್ಗೆ ಹೇಳಿದರು. ಬಹುಮಾನ ಕೊಟ್ಟವರು ಹಣ್ಣಿನ ಬಗ್ಗೆ ಹೇಳಿದರು. ನೆಲದ ಬಗ್ಗೆ ಒಬ್ಬರೂ ಬಾಯಿಬಿಡಲಿಲ್ಲ. ಲಾರಿ ಹತ್ತಿ ಬಂದವರು ಲಾರಿ ಹತ್ತಿ ಹೋದರು, ಕೈಗುಣ ಕೆಟ್ಟದ್ದು ಮಾತ್ರ ಐಕಾಂಡೆಯದು. ಅವರ ಮನೆ ಹಾಳಾಗ!

ಸಂಜೆ ಅತ್ತೆಗೆ ಗಂಜಿ ನಾನೇ ತೆಗೆದುಕೊಂಡು ಹೋದೆ. ಉಪ್ಪು ಕಮ್ಮಿ ಹಾಕಿದ್ದೆ. "ಸಪ್ಪೆ" ಎಂದಳು.

ಜೂನ್ 30

ಕೊಯ್ದೆ. ಕೊಯ್ಯುವುದೇನು ಬಂತು. ನನ್ನ ಸಾಲುಗಳಲ್ಲಿ ಕಾಯಿ ಇದ್ದರೆ ಕಾಳಿಲ್ಲ, ಕಾಳಿದ್ದರೆ ಅದು ಇಲಿಯ ಹಲ್ಲಿನಷ್ಟು, ಸುಕ್ಕು ಸುಕ್ಕು. ಬೀಜಕ್ಕೆ ಬಾರದ್ದು. ಅತ್ತೆಯ ಸಾಲಿನ ಕೆಳಭಾಗವೂ ಅಷ್ಟೇ.

ಗೋರಿಯ ಬದಿಯದು ಅತ್ತೆಯೇ ಕಿತ್ತಳು, ನನ್ನನ್ನು ಮುಟ್ಟಗೊಡಲಿಲ್ಲ. ತನ್ನ ಗುಡಿಸಿಲಿಗೆ ಒಯ್ದು ಬಾಗಿಲು ಹಾಕಿಕೊಂಡಳು. ಅಮ್ಮನ ಕಾಳು ಇನ್ನು ಈ ಭೂಮಿಯ ಮೇಲೆ ಇರುವುದು ಅಷ್ಟೇ, ಅದೂ ಅವಳ ಗುಡಿಸಿಲಲ್ಲಿ. ತನ್ನ ಕೈಯಿಂದ ಬೆಳೆದದ್ದು ಎಂದು ತಾನೇ ಬುರುಡೆ ತುಂಬಿಸುತ್ತಾಳೆ, ನೋಡುತ್ತಿರು. ಊರೆದುರು. ಎರೆಹುಳ ಹಿಡಿದು ಕೂತಿದ್ದೆಲ್ಲ ನಾಟಕ. ನಾನೊಬ್ಬಳು ಹುಚ್ಚಿ, ಗಂಜಿ ಹೊತ್ತೆ.

ಜುಲೈ 14, ಭಾನುವಾರ

ನಿಧಾನವಾಗಿ ಬರೆಯಬೇಕು.

ಪ್ರಾರ್ಥನೆಯಾದ ಮೇಲೆ ಹೆಂಗಸರೆಲ್ಲ ನಮ್ಮ ಅಂಗಳಕ್ಕೆ ಬಂದರು, ಬುರುಡೆಯ ಶಾಸ್ತ್ರಕ್ಕೆ. ಅನೆತ್ ಬುರುಡೆ ತೊಳೆದು ತಂದು ಮಧ್ಯೆ ಇಟ್ಟಳು. ನಾನು ಒಲೆಯ ಹತ್ತಿರವೇ ನಿಂತಿದ್ದೆ. ಅತ್ತೆ ಬಂದಳು. ಒಂದು ಕೈಯಲ್ಲಿ ಗಂಟು ಹಾಕಿದ ಬಟ್ಟೆ, ಇನ್ನೊಂದು ಕೈಯಲ್ಲಿ ಇಸಾಲೆ ಎಲೆ, ಅದಕ್ಕೂ ಗಂಟು.

ಮೈಯೆಲ್ಲ ಉರಿಯಿತು. ಎಲೆ ತಂದು ಬಾಯಿ ಕಟ್ಟುತ್ತಾಳೆ, ಕಾಳು ತಂದು ಕೈ ಕಟ್ಟುತ್ತಾಳೆ! ನಮ್ಮ ಮೇಕೆ ಎಲ್ಲಿ ಕಟ್ಟಿದೆ ಎಂದು ನಿಜವಾಗಿ ಕಣ್ಣು ಹಾಯಿಸಿದೆ.

ಅವಳು ನನ್ನ ಹತ್ತಿರ ಬರಲಿಲ್ಲ. ಅಂಗಳ ದಾಟಿ ನೆಟ್ಟಗೆ ಗೋರಿಗೆ ಹೋದಳು. ನಾವೆಲ್ಲ ಹಿಂದೆ ಹೋದೆವು. ಕೋಲಿನಿಂದ ಗೋರಿಯ ಕಲ್ಲಿಗೆ ಕುಟ್ಟಿದಳು, ಬಾಗಿಲು ಬಡಿದ ಹಾಗೆ.

"ಏಳ್ರಿ. ಎದ್ದು ಬಂದು ನೋಡ್ರಿ. ಊರಲ್ಲೆಲ್ಲ ನಮ್ಮದೇ ಚಂದದ ಕಾಫಿ ಅಂತ ಮೆರೆದ್ರಲ್ಲ. ನೆಲದಲ್ಲಿ ಒಂದು ಹುಳ ಇಲ್ಲ. ಕಾಳಿನ ಬೇರಿಗೆ ಮೊಲೆ ಇಲ್ಲ. ನಿಮ್ಮ ಸೊಸೇನ ನಾನು ಊರೆದುರು ಕೈಗುಣ ಕೆಟ್ಟೋಳು ಅಂದೆ. ಎದ್ದು ಬಂದು ಅವಳಿಗೆ ಎಲೆ ಕೊಡ್ರಿ."

ಗಾಡ್‌ಲಿಸನ್ "ಅಮ್ಮಾ, ಸಾಕು" ಎಂದು ಮುಂದೆ ಬಂದ. "ನೀನು ಸುಮ್ಮನಿರು, ನಿನ್ನ ಸರದಿ ಬರುತ್ತೆ" ಎಂದಳು. ನಂತರ ಹೆಂಗಸರ ಕಡೆ ತಿರುಗಿದಳು.

"ಗಂಡಸರು ಹೊಡೆದ್ರು, ಸರಿ. ಆ ಡ್ರಮ್ಮಿಗೆ ನೀರು ತುಂಬಿದ್ದು ಯಾರು? ಹೊಳೆಯಿಂದ ಈ ದಿಣ್ಣೆ ಹತ್ತಿ ಮೂವತ್ತು ವರ್ಷ ಹೊತ್ತದ್ದು ಈ ತಲೆ. ಕಲಸಿದ್ದು ಈ ಕೈ. ನೀವೂ ಹೊತ್ತಿದೀರಿ, ಯೂನಿಸ್, ಮುಖ ತಿರುಗಿಸ್ಬೇಡ. ಅವಳು ನೆಲ ಡೊಂಕು ಅಂದಾಗ ನಕ್ವಲ್ಲ? ನೆಲ ಡೊಂಕೇ ಕಣ್ರೇ. ಡೊಂಕು ಮಾಡಿದ್ದು ನಾವು."

ಅವತ್ತು ನಕ್ಕ ಮುಖಗಳೆಲ್ಲ ಅಲ್ಲೇ ಇದ್ದವು. ನಾನು ಒಂದನ್ನೂ ನೋಡಲಿಲ್ಲ ಎಂದು ಈಗ ನೆನಪಾಗುತ್ತಿದೆ.

ಆಗ ನನ್ನ ಹತ್ತಿರ ಬಂದು ಎಲೆ ಚಾಚಿದಳು. "ಇದು ಅವರದ್ದು. ಅವರು ಏಳೋಲ್ಲ, ಅದಕ್ಕೆ ನಾನು ತಂದೆ. ತಗೋ. ನನ್ನದು ಬೇರೆ ತರ್ತೀನಿ. ಒಂದೇ ಎಲೇಲಿ ಇಬ್ಬರ ತಪ್ಪು ಮುಚ್ಚೋಕಾಗಲ್ಲ."

ತೆಗೆದುಕೊಂಡೆ. ಮೇಕೆ ಹಿಂದೆಯೇ ಎಲ್ಲೋ ಅರಚುತ್ತಿತ್ತು.

ಬಟ್ಟೆಯ ಗಂಟು ಬಿಚ್ಚಿ ಕಾಳನ್ನು ನನ್ನ ಬೊಗಸೆಗೆ ಸುರಿದಳು. ಒಂದೊಂದನ್ನೂ ಆರಿಸಿ ಒಣಗಿಸಿದ್ದಾಳೆ. ಬೆಣ್ಣೆ ಬಣ್ಣ, ಕೆಂಪು ಗೆರೆ. ಅನೆತ್ ಬುರುಡೆಯನ್ನು ಅಲ್ಲಿಗೇ ತಂದಳು. "ತಾಯಿ ಕೈಯಿಂದ ಹಾಕು" ಎಂದಳು ಅತ್ತೆ. ಹಾಕಿದೆ. ಬುರುಡೆ ತುಂಬಲಿಲ್ಲ, ಅರ್ಧವೂ ಆಗಲಿಲ್ಲ. ಅನೆತ್ ಅಲ್ಲಾಡಿಸಿದಳು, ಗಲಗಲ ಎಂದಿತು. ಅರ್ಧ ಹಿಡಿ ನನ್ನ ಬಿತ್ತನೆಗೆ ಉಳಿಸಿಕೊಂಡೆ.

ಅತ್ತೆ ಗೋಡೆಗೊರಗಿದ್ದ ಗುದ್ದಲಿ ತಂದು ಮಗನ ಕೈಗಿಟ್ಟಳು.

"ನಿಮ್ಮಪ್ಪನಿಗೆ ಎಷ್ಟು ಆಳ ತೋಡಿದ್ದೆ?"

"ಅಮ್ಮಾ, ಅದು..."

"ಅಷ್ಟು ಆಳ ತೋಡು. ಈ ತುದಿಯಿಂದ ಆ ಬದುವಿನವರೆಗೆ. ಕೆಂಪು ಮಣ್ಣು ಮೇಲೆ ಬರಲಿ, ನೀಲಿ ಕುಡಿದ ಕಪ್ಪು ಮಣ್ಣು ಅಡಿಗೆ ಹೋಗಲಿ. ಸಗಣಿ ನಾನು ಕೊಡ್ತೀನಿ."

"ಇಡೀ ತುಂಡಾ? ಸತ್ತೇಹೋಗ್ತೀನಿ."

"ಗುಂಡಿ ಹೇಗೂ ರೆಡಿ ಇರುತ್ತಲ್ಲ" ಎಂದಳು ಯೂನಿಸ್. ಈ ಸಲ ನಾನೂ ನಕ್ಕೆ.

ಜುಲೈ 16

ಅತ್ತೆ ತನ್ನ ಎಲೆ ತಂದುಕೊಟ್ಟಳು. ಬೆಳಗಿನ ಚಹಾದ ಜೊತೆ. ಎರಡೂ ಎಲೆ ಬಾಗಿಲ ಮೇಲೆ ಸಿಕ್ಕಿಸಿದ್ದೇನೆ. ಕೋಪ ಇಳಿದಿಲ್ಲ. ಈ ಬೆಟ್ಟದಲ್ಲಿ ಇಂಥ ತುಂಡು ಎಷ್ಟಿವೆಯೋ, ಎಷ್ಟು ಜನ ಸೊಸೆಯರ ಕೈಗುಣ ಕೆಟ್ಟಿದೆಯೋ. ಲಾರಿ ಹತ್ತಿ ಹೋದವರು ಎಲೆ ತಂದಾರೆಯೇ? ತರಲಿ. ಅವರದ್ದು ಮಾತ್ರ ಮೇಕೆಗೇ.

ಗಾಡ್‌ಲಿಸನ್ ತೋಡಲು ಶುರುಮಾಡಿದ. ಕಪ್ಪು ಮಣ್ಣು ಒಂದು ಕಡೆ, ಕೆಂಪು ಒಂದು ಕಡೆ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲವರೆಗೆ ಇಳಿದು ಬೆವರು ಒರೆಸಿಕೊಂಡು, "ಇಷ್ಟು ಸಾಕಾ?" ಎಂದು ಕೇಳಿದ.

ಅತ್ತೆಯೂ ನಾನೂ ಬದುವಿನ ಮೇಲೆ ಕೂತು ಬಾಳೆಕಾಯಿ ಸುಲಿಯುತ್ತಿದ್ದೆವು. "ಇನ್ನೂ ಆಳ" ಎಂದೆವು.